‘ಇಲ್ಲಿ ಕ್ಲಿಕ್ ಮಾಡಿ’ ಅಂದರೆ ಎಲ್ಲಿಗೆ?

ಪ್ರಶ್ನೆ: ಸರ್, ನಾನು ಹಾಸನ ಜಿಲ್ಲೆಯ ಒಂದು ಪಿಯು ಕಾಲೇಜಿನಲ್ಲಿ ಉಪನ್ಯಾಸಕಿ. ನಾವು ನಾಲ್ಕು ಜನ ಸೇರಿ ವಿದ್ಯಾರ್ಥಿವೇತನಗಳ ಮಾಹಿತಿ ಕೊಡುವ ಚಿಕ್ಕ ವೆಬ್‌ಸೈಟ್ ನಡೆಸುತ್ತಿದ್ದೇವೆ. ಮೊನ್ನೆ ಕಣ್ಣು ಕಾಣದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. ನಮ್ಮ ಒಂದೇ ಪುಟದಲ್ಲಿ 19 ಕಡೆ ‘ಇಲ್ಲಿ ಕ್ಲಿಕ್ ಮಾಡಿ’ ಇದೆಯಂತೆ, ಯಾವುದು ಯಾವುದಕ್ಕೆ ಅಂತ ಗೊತ್ತಾಗುತ್ತಿಲ್ಲವಂತೆ. ಲಿಂಕ್‌ಗಳನ್ನು ಹೇಗೆ ಬರೆಯಬೇಕು? ಇನ್ನೊಂದು ವಿಷಯ. ಒತ್ತಕ್ಷರದ ಮೇಲೆ ಗೆರೆ ಹಾದು ಅಂದಗೆಡುತ್ತದೆ ಅಂತ ನಮ್ಮ ಡಿಸೈನರ್ ಹುಡುಗ ಅಡಿಗೆರೆಗಳನ್ನು ತೆಗೆದು ಲಿಂಕ್‌ಗಳಿಗೆ ಬರೀ ಬಣ್ಣ ಕೊಟ್ಟಿದ್ದಾನೆ. ಅದು ಸರಿಯೇ? ಲಿಂಕ್‌ಗಳು ಹೊಸ ಟ್ಯಾಬ್‌ನಲ್ಲಿ ತೆರೆಯಬೇಕೇ? ನಮ್ಮಂಥ ಚಿಕ್ಕ ಸೈಟಿಗೂ ಇದಕ್ಕೆಲ್ಲ ಕಾನೂನು ಇದೆಯೇ?

ಉತ್ತರ: ಮೇಡಂ, ಮೊದಲು ಆ ಹುಡುಗನಿಗೆ ಒಂದು ಥ್ಯಾಂಕ್ಸ್ ಹೇಳಿ. ಇಂಥ ತೊಂದರೆಯಾದವರು ಸಾಮಾನ್ಯವಾಗಿ ಫೋನ್ ಮಾಡುವುದಿಲ್ಲ. ಪುಟ ಮುಚ್ಚಿ ಬೇರೆ ಕಡೆ ಹೋಗುತ್ತಾರೆ, ಅಷ್ಟೆ. ಇವನು ಎಣಿಸಿ ಹೇಳಿದ್ದಾನೆ.

ಹೇಗೆ ಎಣಿಸಿದ ಅನ್ನುವುದರಿಂದಲೇ ಶುರು ಮಾಡೋಣ, ಉಳಿದದ್ದೆಲ್ಲ ಅದರಿಂದಲೇ ಅರ್ಥವಾಗುತ್ತದೆ. ಅವನು ಕಂಪ್ಯೂಟರಿನಲ್ಲಿ ಸ್ಕ್ರೀನ್ ರೀಡರ್ ಬಳಸುತ್ತಿರಬೇಕು. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಅದು. ನಮ್ಮಲ್ಲಿ ಜಾಸ್ತಿ ಜನ ಬಳಸುವುದು ಎನ್‌ವಿಡಿಎ. ಆಸ್ಟ್ರೇಲಿಯಾದ ಇಬ್ಬರು ಅಂಧ ಗೆಳೆಯರು, ಮೈಕಲ್ ಕರನ್ ಮತ್ತು ಜೇಮ್ಸ್ ಟೆ, ಶುರು ಮಾಡಿದ್ದು. 2006ರಿಂದ ಇದೆ, ಪೂರ್ತಿ ಉಚಿತ. ಅದರಲ್ಲಿ ಇನ್ಸರ್ಟ್ ಮತ್ತು ಎಫ್7 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆ ಪುಟದ ಲಿಂಕ್‌ಗಳೆಲ್ಲ ಒಂದು ಪಟ್ಟಿಯಾಗಿ ಎದುರಿಗೆ ಬರುತ್ತವೆ. ಸುತ್ತಲಿನ ವಾಕ್ಯ ಇರುವುದಿಲ್ಲ, ಬರೀ ಲಿಂಕಿನ ಮಾತುಗಳು ಮಾತ್ರ. ನಿಮ್ಮ ಪುಟದಲ್ಲಿ ಆ ಪಟ್ಟಿ ಹೀಗೆ ಕೇಳಿಸಿರುತ್ತದೆ: ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ.

ಹಾಸನದ ಬಸ್ ಸ್ಟ್ಯಾಂಡಿನಲ್ಲಿ ನಿಂತ ಅಷ್ಟೂ ಬಸ್ಸುಗಳ ಬೋರ್ಡಿನಲ್ಲಿ ಊರಿನ ಹೆಸರಿನ ಬದಲು ‘ಇಲ್ಲಿ ಹತ್ತಿ’ ಅಂತ ಬರೆದಿದೆ ಅಂದುಕೊಳ್ಳಿ. ಅರಸೀಕೆರೆಗೆ ಹೋಗಬೇಕಾದವರು ಒಂದೊಂದು ಬಸ್ಸಿನ ಬಾಗಿಲಿಗೂ ಹೋಗಿ ಕಂಡಕ್ಟರನ್ನು ಕೇಳಬೇಕು. ನಿಮ್ಮ ಆ ಹಳೆಯ ವಿದ್ಯಾರ್ಥಿಯೂ ಅದನ್ನೇ ಮಾಡಿದ್ದಾನೆ, 19 ಸಲ.

ನನಗೆ ಇದು ಪುಸ್ತಕ ಓದಿ ಗೊತ್ತಾದದ್ದಲ್ಲ. ಈ ಕೆಲಸಕ್ಕೆ ಬಂದ ಹೊಸತರಲ್ಲಿ ಕಣ್ಣು ಕಾಣದ ಹಿರಿಯ ಸಹೋದ್ಯೋಗಿಯೊಬ್ಬರು ನಾನು ಮಾಡಿದ ಪುಟಗಳನ್ನು ಪರೀಕ್ಷೆ ಮಾಡುತ್ತಿದ್ದರು. ಒಂದು ದಿನ ನಾನು ವಾದಕ್ಕೆ ನಿಂತೆ. ‘ಲಿಂಕ್ ಪಕ್ಕದಲ್ಲೇ ವಾಕ್ಯ ಇದೆಯಲ್ಲ ಸರ್, ಓದಿದರೆ ಗೊತ್ತಾಗುತ್ತೆ’ ಅಂದೆ. ಅವರು ಏನೂ ಹೇಳದೆ ನನ್ನ ಲ್ಯಾಪ್‌ಟಾಪಿನ ಮುಚ್ಚಳವನ್ನು ಅರ್ಧ ಇಳಿಸಿದರು. ‘ಈಗ ಶುಲ್ಕದ ಪುಟ ಎಲ್ಲಿದೆ ಹುಡುಕಪ್ಪ’ ಅಂದರು. ನಾನೇ ಬರೆದ ಪುಟ. ಐದು ನಿಮಿಷವಾದರೂ ಸಿಗಲಿಲ್ಲ. ಅಂದಿನಿಂದ ಆ ವಾದ ಬಿಟ್ಟಿದ್ದೇನೆ.

ಹಾಗಂತ ಕಣ್ಣು ಕಾಣದವರಿಗಷ್ಟೇ ಇದು ತೊಂದರೆ ಅಂದುಕೊಳ್ಳಬೇಡಿ. ಕಣ್ಣು ಕಾಣುವ ನಾವೂ ವೆಬ್ ಪುಟವನ್ನು ಸಾಲು ಬಿಡದೆ ಓದುವವರಲ್ಲ. ಅರ್ಜಿಯ ಕೊನೆಯ ದಿನ ಸಂಜೆ ಫೋನ್ ಹಿಡಿದು ಪುಟ ಉಜ್ಜುವ ಹುಡುಗಿಯ ಕಣ್ಣು ಬೇರೆ ಬಣ್ಣದ ಅಕ್ಷರಗಳ ಮೇಲೆ ಮಾತ್ರ ಓಡುತ್ತಿರುತ್ತದೆ. ಅಲ್ಲಿ ‘ಇಲ್ಲಿ’ ಅಂತ ಮಾತ್ರ ಇದ್ದರೆ ಅವಳೂ ನಿಂತು, ಹಿಂದೆ ಹೋಗಿ, ವಾಕ್ಯ ಓದಬೇಕು.

ಈಗ ಬರೆಯುವ ವಿಷಯ. ನನಗನ್ನಿಸುವಂತೆ ‘ಇಲ್ಲಿ ಕ್ಲಿಕ್ ಮಾಡಿ’ ಇಂಗ್ಲಿಷಿನಿಂದ ಹಾಗೇ ಎತ್ತಿಕೊಂಡು ಬಂದ ಅಭ್ಯಾಸ. ನಿಜ ಹೇಳಬೇಕೆಂದರೆ ಲಿಂಕ್ ಬರೆಯಲು ಕನ್ನಡ ಬಹಳ ಅನುಕೂಲದ ಭಾಷೆ. ಇಂಗ್ಲಿಷಿನಲ್ಲಿ ಆಜ್ಞೆಯ ಮಾತು ಕ್ರಿಯಾಪದದಿಂದ ಶುರುವಾಗುತ್ತದೆ. ಡೌನ್‌ಲೋಡ್ ಮಾಡು, ನೋಡು, ಓದು, ಆಮೇಲೆ ಏನನ್ನು ಅನ್ನುವುದು. ನಮ್ಮಲ್ಲಿ ವಸ್ತು ಮೊದಲು, ಕೆಲಸ ಕೊನೆಗೆ. ‘ಆದಾಯ ಪ್ರಮಾಣಪತ್ರದ ಅರ್ಜಿ ನಮೂನೆ ಡೌನ್‌ಲೋಡ್ ಮಾಡಿ’ ಅಂತ ಬರೆದರೆ ಮೊದಲ ಎರಡು ಪದದಲ್ಲೇ ವಿಷಯ ಬಂದುಬಿಡುತ್ತದೆ. ಸ್ಕ್ರೀನ್ ರೀಡರ್ ಬಳಸುವವರು ಪಟ್ಟಿಯಲ್ಲಿ ಒಂದೊಂದು ಲಿಂಕನ್ನೂ ಪೂರ್ತಿ ಕೇಳುವುದಿಲ್ಲ. ಮೊದಲ ಪದ ಕೇಳುತ್ತಾರೆ, ಬೇಡವಾದರೆ ಮುಂದಕ್ಕೆ ಒತ್ತುತ್ತಾರೆ. ಆ ಮೊದಲ ಪದವನ್ನು ‘ಇಲ್ಲಿ’ಗೆ ಖರ್ಚು ಮಾಡುವುದು ದುಂದು.

ನಿಮ್ಮ ಸೈಟಿನಲ್ಲಿ ಇರಬಹುದಾದ ಒಂದು ವಾಕ್ಯ ತೆಗೆದುಕೊಳ್ಳೋಣ. ಕೋಟ್ ಗುರುತಿನ ಒಳಗಿರುವುದು ಲಿಂಕ್.

ಮೊದಲು: ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಬೇಕಾದ ದಾಖಲೆಗಳ ಪಟ್ಟಿ ನೋಡಲು ‘ಇಲ್ಲಿ ಕ್ಲಿಕ್ ಮಾಡಿ’.

ಆಮೇಲೆ: ಅರ್ಜಿ ತುಂಬುವ ಮೊದಲು ‘ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಬೇಕಾದ ದಾಖಲೆಗಳ ಪಟ್ಟಿ’ ನೋಡಿಕೊಳ್ಳಿ.

ನೋಡಿ, ಹೊಸ ಪದ ಹೆಚ್ಚೇನೂ ಸೇರಿಸಿಲ್ಲ. ವಾಕ್ಯದಲ್ಲೇ ಇದ್ದ ಹೆಸರನ್ನು ಲಿಂಕ್ ಮಾಡಿದೆ, ‘ಇಲ್ಲಿ ಕ್ಲಿಕ್ ಮಾಡಿ’ ತಾನಾಗಿ ಉದುರಿತು. ಹತ್ತರಲ್ಲಿ ಎಂಟು ಕಡೆ ಹೀಗೇ ಆಗುತ್ತದೆ. ಅಂದಹಾಗೆ, ಮೊಬೈಲಿನಲ್ಲಿ ಯಾರೂ ಕ್ಲಿಕ್ ಮಾಡುವುದಿಲ್ಲ, ಬೆರಳಿನಿಂದ ಮುಟ್ಟುತ್ತಾರೆ. ಕೀಬೋರ್ಡ್ ಬಳಸುವವರು ಎಂಟರ್ ಒತ್ತುತ್ತಾರೆ. ಹಾಗಾಗಿ ಆ ಮಾತು ಈಗ ಬಹಳ ಜನರ ಮಟ್ಟಿಗೆ ಸುಳ್ಳೂ ಹೌದು.

ಕನ್ನಡ ಅನುಕೂಲದ ಭಾಷೆ ಅಂದೆ, ಆದರೆ ಅದರಲ್ಲೇ ಒಂದು ತೊಡಕೂ ಇದೆ. ವಿಭಕ್ತಿ. ‘ವೇಳಾಪಟ್ಟಿಯಲ್ಲಿ’ ಅನ್ನುವ ಪದದಲ್ಲಿ ‘ವೇಳಾಪಟ್ಟಿ’ಗೆ ಮಾತ್ರ ಲಿಂಕ್ ಕೊಟ್ಟು ‘ಯಲ್ಲಿ’ಯನ್ನು ಹೊರಗೆ ಬಿಡುವವರು ಬಹಳ. ಹೆಸರು ಶುದ್ಧವಾಗಿರಲಿ ಅನ್ನುವ ಆಸೆ ಅವರದು. ಆದರೆ ಸ್ಕ್ರೀನ್ ರೀಡರ್ ಲಿಂಕ್ ಮುಗಿದ ಕಡೆ ಪದವನ್ನು ಕತ್ತರಿಸುತ್ತದೆ. ಕೇಳುವವರಿಗೆ ‘ಲಿಂಕ್ ವೇಳಾಪಟ್ಟಿ’, ಒಂದು ತಡೆ, ಆಮೇಲೆ ಒಂಟಿ ‘ಯಲ್ಲಿ’. ಇನ್ನೂ ಕೆಟ್ಟದ್ದೆಂದರೆ ಮೌಸಿನಿಂದ ಎಳೆದು ಆರಿಸುವಾಗ ಅಕ್ಷರದ ನಡುವೆಯೇ ತುಂಡಾಗುವುದು. ‘ಟ್ಟ’ ಒಳಗೆ, ಗುಡಿಸು ಹೊರಗೆ. ಆಗ ಕೆಲವು ಬ್ರೌಸರುಗಳಲ್ಲಿ ಅಲ್ಲೊಂದು ಚುಕ್ಕಿಚುಕ್ಕಿಯ ಸೊನ್ನೆ ಕಾಣಿಸುತ್ತದೆ, ನೀವೂ ನೋಡಿರುತ್ತೀರಿ. ಪದವನ್ನು ಪ್ರತ್ಯಯದ ಸಮೇತ ಇಡಿಯಾಗಿ ಲಿಂಕ್ ಮಾಡಿ. ‘ವೇಳಾಪಟ್ಟಿಯಲ್ಲಿ’ ಅಂತ ಲಿಂಕ್ ಇದ್ದರೆ ಯಾರಿಗೂ ನಷ್ಟವಿಲ್ಲ. ಪ್ರತ್ಯಯ ಇಷ್ಟವಾಗದಿದ್ದರೆ ವಾಕ್ಯವನ್ನೇ ತಿರುಗಿಸಿ ಬರೆಯಿರಿ.

ಉದ್ದ ಎಷ್ಟಿರಬೇಕು ಅಂತ ಬಹಳ ಜನ ಕೇಳುತ್ತಾರೆ. ಲೆಕ್ಕ ಹಾಕಿ ಬರೆಯಬೇಡಿ. ಮೂರರಿಂದ ಎಂಟು ಪದದಲ್ಲಿ ಸಾಮಾನ್ಯವಾಗಿ ಕೆಲಸ ಆಗುತ್ತದೆ. ಇಡೀ ಪ್ಯಾರಾವನ್ನು ಲಿಂಕ್ ಮಾಡಿದರೆ ಅದೂ ಕಷ್ಟವೇ.

ಮುಖಪುಟದ ಕಥೆ ಸ್ವಲ್ಪ ಬೇರೆ. ಅಲ್ಲಿ ಪ್ರತಿ ಸುದ್ದಿಯ ಕೆಳಗೂ ‘ಮುಂದೆ ಓದಿ’ ಇರುತ್ತದೆ, ಅಲ್ವಾ? ಜೊತೆಗೆ ಚಿತ್ರಕ್ಕೂ ಒಂದು ಲಿಂಕ್, ತಲೆಬರಹಕ್ಕೂ ಒಂದು. ಮೂರೂ ಒಂದೇ ಜಾಗಕ್ಕೆ. ಕೀಬೋರ್ಡಿನಲ್ಲಿ ಓಡಾಡುವವರು ಪ್ರತಿ ಸುದ್ದಿಗೂ ಮೂರು ಸಲ ಟ್ಯಾಬ್ ಕೀಲಿ ಒತ್ತಬೇಕು. ತಲೆಬರಹಕ್ಕೆ ಮಾತ್ರ ಲಿಂಕ್ ಇಟ್ಟು ಉಳಿದೆರಡನ್ನು ತೆಗೆಯಿರಿ ಅನ್ನುವುದು ನನ್ನ ಸಲಹೆ. ‘ಮುಂದೆ ಓದಿ’ ಬೇಕೇ ಬೇಕು ಅಂತ ಡಿಸೈನರ್ ಹಟ ಹಿಡಿದರೆ, ಪುಟದ ಕೋಡಿನಲ್ಲಿ ಏರಿಯಾ-ಲೇಬಲ್ ಅನ್ನುವ ಸೌಲಭ್ಯ ಇದೆ. ಕಣ್ಣಿಗೆ ‘ಮುಂದೆ ಓದಿ’ ಕಾಣಿಸುತ್ತದೆ, ಕಿವಿಗೆ ‘ಮುಂದೆ ಓದಿ: ಅರ್ಜಿಯಲ್ಲಿ ಆಗುವ ಸಾಮಾನ್ಯ ತಪ್ಪುಗಳು’ ಅಂತ ಕೇಳಿಸುತ್ತದೆ. ಕಾಣುವ ಮಾತು ಕೇಳುವ ಮಾತಿನ ಒಳಗೆ ಹಾಗೇ ಇರಬೇಕು, ಅದನ್ನು ಮರೆಯಬೇಡಿ. ಕೈ ಆಡಿಸಲಾಗದೆ ಬಾಯಿಮಾತಿನಿಂದ ಫೋನ್ ನಡೆಸುವವರು ಕಾಣುವ ಮಾತನ್ನೇ ಹೇಳುತ್ತಾರೆ. ಒಳಗೆ ಬೇರೆ ಹೆಸರಿದ್ದರೆ ಫೋನ್ ಮಿಸುಕುವುದಿಲ್ಲ.

ಚಿತ್ರವೇ ಲಿಂಕ್ ಆದಾಗ ಅದರ ಆಲ್ಟ್ ಬರಹವೇ, ಅಂದರೆ ಚಿತ್ರ ಕಾಣದವರಿಗಾಗಿ ಕೋಡಿನಲ್ಲಿ ಬರೆದಿಡುವ ಮಾತೇ, ಲಿಂಕಿನ ಹೆಸರು. ವಾಟ್ಸಾಪ್ ಚಿಹ್ನೆಯ ಆಲ್ಟ್ ಖಾಲಿ ಇದ್ದರೆ ಸ್ಕ್ರೀನ್ ರೀಡರ್ ‘ಲಿಂಕ್’ ಅಂತ ಮಾತ್ರ ಹೇಳಿ ಸುಮ್ಮನಾಗುತ್ತದೆ, ಇಲ್ಲವೇ ವಿಳಾಸದ ಬಾಲವನ್ನು ಒದರುತ್ತದೆ. ಆಲ್ಟ್‌ನಲ್ಲಿ ‘ಹಸಿರು ಫೋನ್ ಚಿತ್ರ’ ಅಂತ ಬರೆಯುವುದೂ ತಪ್ಪು. ಅದು ಎಲ್ಲಿಗೆ ಕರೆದೊಯ್ಯುತ್ತದೆ ಅನ್ನುವುದು ಬೇಕು: ‘ನಮ್ಮ ವಾಟ್ಸಾಪ್ ಗುಂಪಿಗೆ ಸೇರಿ’. ಅಮೆರಿಕದ ವೆಬ್‌ಏಮ್ ಸಂಸ್ಥೆ ಪ್ರತಿ ವರ್ಷ 10 ಲಕ್ಷ ಮುಖಪುಟಗಳನ್ನು ತಪಾಸಣೆ ಮಾಡುತ್ತದೆ. ಹತ್ತರಲ್ಲಿ ನಾಲ್ಕಕ್ಕೂ ಹೆಚ್ಚು ಪುಟಗಳಲ್ಲಿ ಇಂಥ ಖಾಲಿ ಲಿಂಕ್ ಸಿಗುತ್ತಲೇ ಇದೆ. ಅಂದರೆ ಈ ತಪ್ಪಿನಲ್ಲಿ ನಿಮಗೆ ಜೊತೆಗಾರರು ಬೇಕಾದಷ್ಟಿದ್ದಾರೆ.

ಈಗ ನಿಮ್ಮ ಡಿಸೈನರ್ ಹುಡುಗನ ವಿಷಯ. ಅವನು ಹೇಳಿದ್ದರಲ್ಲಿ ಸತ್ಯ ಇದೆ, ಬೈಯಬೇಡಿ. ಅಡಿಗೆರೆ ಇಂಗ್ಲಿಷ್ ಲಿಪಿಗೆ ಹೊಂದಿದ ಏರ್ಪಾಡು. ಅಲ್ಲಿ ಬಹುತೇಕ ಅಕ್ಷರಗಳು ಒಂದು ಗೆರೆಯ ಮೇಲೆ ಕೂರುತ್ತವೆ, ನಾಲ್ಕೈದು ಮಾತ್ರ ಕಾಲು ಕೆಳಗೆ ಚಾಚುತ್ತವೆ. ನಮ್ಮಲ್ಲಿ ಒತ್ತು ಇರುವುದೇ ಕೆಳಗೆ. ‘ವಿದ್ಯಾರ್ಥಿ’, ‘ಪಟ್ಟಿ’, ‘ಶುಲ್ಕ’, ಯಾವ ಪದ ಬರೆದರೂ ಗೆರೆ ಒತ್ತಿನ ನಡುವೆ ಹಾಯುತ್ತದೆ. ‘ಶಾಸ್ತ್ರ’ ಬಂದರಂತೂ ಕೇಳಬೇಡಿ, ಅಲ್ಲಿ ಕೆಳಗೆ ಎರಡು ಒತ್ತು. ಈಚಿನ ಬ್ರೌಸರುಗಳು ಒತ್ತು ಬಂದ ಕಡೆ ಗೆರೆಯನ್ನು ತಾವೇ ಕಡಿದು ಜಾಗ ಬಿಡುತ್ತವೆ. ಆದರೆ ಪದಕ್ಕೆರಡು ಒತ್ತು ಇರುವ ಭಾಷೆಯಲ್ಲಿ ಆ ಗೆರೆ ಇಲಿ ಕಡಿದ ದಾರದ ಹಾಗೆ ಕಾಣುತ್ತದೆ.

ರೋಗ ನಿಜ, ಆದರೆ ಗೆರೆಯನ್ನೇ ತೆಗೆಯುವುದು ಅದಕ್ಕೆ ಮದ್ದಲ್ಲ. ಗೆರೆಯನ್ನು ಕೆಳಗಿಳಿಸಿ. ಪುಟದ ಅಂದಚಂದ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಟೆಕ್ಸ್ಟ್-ಅಂಡರ್‌ಲೈನ್-ಆಫ್‌ಸೆಟ್ ಅನ್ನುವ ಗುಣ ಇದಕ್ಕೆಂದೇ ಇದೆ. ನಾನು ಅಕ್ಷರದ ಗಾತ್ರದ 0.3ರಷ್ಟು, ಅಂದರೆ 0.3 ಎಮ್‌ನಿಂದ ಶುರು ಮಾಡಿ, ಫಾಂಟ್ ನೋಡಿಕೊಂಡು ಹೆಚ್ಚು ಕಡಿಮೆ ಮಾಡುತ್ತೇನೆ. ಗೆರೆ ಒತ್ತಿನ ಕೆಳಗೆ ಹೋಗಬೇಕು, ಇಲ್ಲವೇ ಒತ್ತಿನ ತುದಿಯನ್ನು ಸ್ವಲ್ಪವೇ ಮುಟ್ಟಬೇಕು. ಗೆರೆ ಕೆಳಗಿಳಿದರೆ ಮುಂದಿನ ಸಾಲಿನ ತಲೆಕಟ್ಟಿಗೆ ತಾಗಬಹುದು. ಅದಕ್ಕೆ ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.7 ಅಥವಾ 1.8ರಷ್ಟು ಮಾಡಿ. ಕನ್ನಡಕ್ಕೆ ಅಷ್ಟು ಅಂತರ ಹೇಗೂ ಬೇಕು. ಇಂಗ್ಲಿಷಿಗೆ ಮಾಡಿದ ಟೆಂಪ್ಲೇಟಿನ 1.4 ಅಂತರದಲ್ಲಿ ಕನ್ನಡ ಓದುವುದು ತುಂಬಿದ ಬಸ್ಸಿನಲ್ಲಿ ನಿಂತ ಹಾಗೆ. ಗೆರೆಯ ದಪ್ಪವನ್ನೂ ಸ್ವಲ್ಪ ಕಡಿಮೆ ಮಾಡಿದರೆ ನಿಮ್ಮ ಹುಡುಗನೂ ಒಪ್ಪುತ್ತಾನೆ.

ಬಣ್ಣ ಮಾತ್ರ ಯಾಕೆ ಸಾಲದು ಅಂತ ಅವನು ಕೇಳಬಹುದು. ಎರಡು ಕಾರಣ. ಕೆಂಪು ಹಸಿರು ಗುರುತಿಸಲಾಗದವರಿದ್ದಾರೆ, ಬಿಸಿಲಿನಲ್ಲಿ ಫೋನ್ ನೋಡುವವರಿದ್ದಾರೆ, ಕಪ್ಪುಬಿಳುಪು ಪ್ರಿಂಟ್ ತೆಗೆದು ನೋಟಿಸ್ ಬೋರ್ಡಿಗೆ ಹಚ್ಚುವ ನಿಮ್ಮ ಕಾಲೇಜಿನ ಗುಮಾಸ್ತರಿದ್ದಾರೆ. ಇವರಿಗೆಲ್ಲ ಬಣ್ಣದಿಂದ ಮಾತ್ರ ಲಿಂಕ್ ಗುರುತಿಸುವುದು ಕಷ್ಟ. ಎರಡನೆಯದು ಲೆಕ್ಕದ ಮಾತು. ವೆಬ್ ಪುಟಗಳು ಎಲ್ಲರಿಗೂ ಬಳಸಲು ಬರುವಂತಿರಲಿ ಅಂತ ಡಬ್ಲ್ಯುಸಿಎಜಿ ಅನ್ನುವ ಅಂತರರಾಷ್ಟ್ರೀಯ ಮಾರ್ಗಸೂಚಿ ಇದೆ. ಮೊದಲ ಆವೃತ್ತಿ 1999ರದ್ದು, ಈಗಿನ 2.2 ಆವೃತ್ತಿ ಬಂದದ್ದು 2023ರ ಅಕ್ಟೋಬರಿನಲ್ಲಿ. ಅದರ ಪ್ರಕಾರ ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ 4.5ಕ್ಕೆ 1ರಷ್ಟು ವ್ಯತ್ಯಾಸ ಬೇಕು. ಅಡಿಗೆರೆ ಇಲ್ಲದೆ ಬಣ್ಣವನ್ನೇ ನಂಬಿದರೆ ಲಿಂಕಿನ ಬಣ್ಣಕ್ಕೂ ಸುತ್ತಲಿನ ಅಕ್ಷರದ ಬಣ್ಣಕ್ಕೂ 3ಕ್ಕೆ 1ರಷ್ಟು ಇರಬೇಕು, ಮೌಸ್ ಇಟ್ಟಾಗ ಅಥವಾ ಟ್ಯಾಬ್ ಒತ್ತಿ ಅಲ್ಲಿಗೆ ಬಂದಾಗ ಇನ್ನೊಂದು ಗುರುತೂ ಮೂಡಬೇಕು. ಬಿಳಿ ಹಾಳೆ, ಕಪ್ಪು ಅಕ್ಷರದ ಪುಟದಲ್ಲಿ ಈ ಎರಡು ಶರತ್ತನ್ನೂ ದಾಟುವ ಬಣ್ಣ ಬಹಳ ಕಡಿಮೆ. ಬ್ರೌಸರ್ ತಾನಾಗಿ ಕೊಡುವ ಹಳೆಯ ಕಡುನೀಲಿಯನ್ನೇ ತೆಗೆದುಕೊಳ್ಳಿ. ಬಿಳಿಯ ಎದುರು ಅದಕ್ಕೆ 9.4 ಸಿಗುತ್ತದೆ, ಭರ್ಜರಿ ಪಾಸು. ಕಪ್ಪಿನ ಎದುರು 2.2 ಮಾತ್ರ, ಫೇಲು. ಇಷ್ಟು ವರ್ಷ ಅದನ್ನು ಕಾಪಾಡಿದ್ದು ಅಡಿಗೆರೆಯೇ.

ಮೆನುವಿನಲ್ಲಿ ಅಡಿಗೆರೆ ಬೇಡ, ಅಲ್ಲಿ ಇರುವುದೆಲ್ಲ ಲಿಂಕೇ ಅಂತ ಜಾಗದಿಂದಲೇ ಗೊತ್ತಾಗುತ್ತದೆ. ವಾಕ್ಯದ ಒಳಗಿನ ಲಿಂಕಿಗೆ ಗೆರೆ ಬೇಕೇ ಬೇಕು. ಲಿಂಕ್ ಅಲ್ಲದ ಮಾತಿಗೆ ಒತ್ತು ಕೊಡಲು ಅಡಿಗೆರೆ ಎಳೆಯಬೇಡಿ. ನಾವು ಮೇಷ್ಟ್ರುಗಳಿಗೆ ಬೋರ್ಡಿನ ಮೇಲೆ ಮುಖ್ಯ ಪದಕ್ಕೆ ಗೆರೆ ಎಳೆಯುವ ಚಟ ಇರುತ್ತದೆ (ನಾನೂ ಕೆಲವು ವರ್ಷ ಪಾಠ ಮಾಡಿದವನೇ). ವೆಬ್ಬಿನಲ್ಲಿ ಅಂಥ ಗೆರೆ ಕಂಡರೆ ಹುಡುಗರು ಅದನ್ನು ಒತ್ತಿ ಒತ್ತಿ ನೋಡುತ್ತಾರೆ. ದಪ್ಪಕ್ಷರ ಬಳಸಿ.

ನಿಮ್ಮ ಡಿಸೈನರಿಗೆ ಇನ್ನೊಂದು ಮಾತೂ ಹೇಳಿ. ಟ್ಯಾಬ್ ಕೀಲಿ ಒತ್ತಿದಾಗ ಲಿಂಕಿನ ಸುತ್ತ ಒಂದು ಚೌಕಟ್ಟು ಮೂಡುತ್ತದಲ್ಲ, ಅದನ್ನು ‘ಅಸಹ್ಯ’ ಅಂತ ತೆಗೆದುಹಾಕಿದ್ದರೆ ತಕ್ಷಣ ವಾಪಸ್ ಹಾಕಲಿ. ಮೌಸ್ ಹಿಡಿಯಲಾಗದವರಿಗೆ ತಾವು ಪುಟದಲ್ಲಿ ಎಲ್ಲಿದ್ದೇವೆ ಅಂತ ಗೊತ್ತಾಗುವುದು ಅದರಿಂದ ಮಾತ್ರ.

ಹೊಸ ಟ್ಯಾಬ್ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು: ಬೇಡ. ‘ನಮ್ಮ ಸೈಟ್ ಬಿಟ್ಟು ಹೋಗಿಬಿಡುತ್ತಾರೆ’ ಅನ್ನುವ ಭಯಕ್ಕೆ ಎಲ್ಲರೂ ಹೊಸ ಟ್ಯಾಬ್ ತೆರೆಸುತ್ತಾರೆ. ಹೋಗುವವರು ಹೇಗೂ ಹೋಗುತ್ತಾರೆ. ಹೊಸ ಟ್ಯಾಬ್‌ನಲ್ಲಿ ಬ್ಯಾಕ್ ಬಟನ್ ಕೆಲಸ ಮಾಡುವುದಿಲ್ಲ. ಪರದೆ ಕಾಣದವರಿಗೆ, ಫೋನಿಗೆ ಹೊಸಬರಾದ ಅಪ್ಪ ಅಮ್ಮಂದಿರಿಗೆ ಅದು ದೊಡ್ಡ ಗಲಿಬಿಲಿ. ಒಂದು ವಿನಾಯಿತಿ ಕೊಡುತ್ತೇನೆ. ಓದುಗರು ನಿಮ್ಮ ಪುಟದಲ್ಲೇ ಅರ್ಧ ಫಾರಂ ತುಂಬಿದ್ದಾರೆ, ನಡುವೆ ‘ಜಾತಿ ಪ್ರಮಾಣಪತ್ರದ ನಿಯಮ’ ನೋಡಬೇಕು ಅಂದುಕೊಳ್ಳಿ. ಅಲ್ಲಿ ಹೊಸ ಟ್ಯಾಬ್ ಸರಿ, ಇಲ್ಲವಾದರೆ ತುಂಬಿದ್ದು ಹೋಗಬಹುದು. ಆಗಲೂ ಲಿಂಕಿನ ಒಳಗೇ ‘(ಹೊಸ ಟ್ಯಾಬ್)’ ಅಂತ ಬರೆದು ತಿಳಿಸಿ.

ವಿದ್ಯಾರ್ಥಿವೇತನದ ಸೈಟಿನಲ್ಲಿ ಅರ್ಧಕ್ಕರ್ಧ ಲಿಂಕ್‌ಗಳು ಪಿಡಿಎಫ್‌ಗೆ ಹೋಗುತ್ತವೆ. ಪುಟ ತೆರೆಯುತ್ತದೆ ಅಂದುಕೊಂಡವರಿಗೆ ದಿಢೀರನೆ 14 ಎಂಬಿ ಫೈಲ್ ಇಳಿಯಲು ಶುರುವಾದರೆ ಡೇಟಾ ಪ್ಯಾಕ್ ಏನಾಗಬೇಕು? ಅದನ್ನೂ ಲಿಂಕಿನಲ್ಲೇ ಹೇಳಿ: ‘ಅರ್ಜಿ ನಮೂನೆ (ಪಿಡಿಎಫ್, 2 ಎಂಬಿ, ಇಂಗ್ಲಿಷ್)’. ಭಾಷೆ ಹೇಳುವುದು ಮುಖ್ಯ. ಕನ್ನಡ ಲಿಂಕ್ ಒತ್ತಿ ಇಂಗ್ಲಿಷ್ ಪುಟಕ್ಕೆ ಬಿದ್ದವರು ದಾರಿ ತಪ್ಪಿದೆ ಅಂದುಕೊಂಡು ವಾಪಸ್ ಬರುತ್ತಾರೆ. ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ಗೋ ರಾಜ್ಯದ ಎಸ್‌ಎಸ್‌ಪಿಗೋ ಕಳಿಸುವಾಗ ಆ ಹೆಸರನ್ನೇ ಬರೆಯಿರಿ. ‘ಅಧಿಕೃತ ವೆಬ್‌ಸೈಟ್’ ಅಂದರೆ ಯಾವುದು ಅಂತ ಮಕ್ಕಳಿಗೆ ಗೊತ್ತಾಗಬೇಕಲ್ಲ.

ಪಿಡಿಎಫ್ ಬಗ್ಗೆ ನಮ್ಮ ನಾಡಿಗೇ ಸೇರಿದ ಒಂದು ತೊಂದರೆ ಇದೆ. ಎಲ್ಲ ಲಿಪಿಗೂ ಒಂದೇ ಸಂಕೇತವ್ಯವಸ್ಥೆಯಾದ ಯೂನಿಕೋಡ್‌ಗಿಂತ ಮುಂಚಿನ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಹಳೆಯ ಸುತ್ತೋಲೆಗಳು ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಸಂಕೇತಗಳ ಕಲಸುಮೇಲೋಗರ. ಸ್ಕ್ರೀನ್ ರೀಡರ್ ಓದಿದರೆ ಮಂತ್ರ ಹೇಳಿದ ಹಾಗಿರುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಅದೂ ಇಲ್ಲ, ಪೂರ್ತಿ ಮೌನ. ಅಂಥ ದಾಖಲೆಗೆ ಎಷ್ಟು ಚೆನ್ನಾಗಿ ಲಿಂಕ್ ಬರೆದರೂ ಕೊನೆಗೆ ಗೋಡೆಯೇ. ಪರೀಕ್ಷಿಸುವುದು ಸುಲಭ. ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ. ಕನ್ನಡ ಬಂದರೆ ಬಚಾವ್. ಇಲ್ಲದಿದ್ದರೆ ಆ ಸುತ್ತೋಲೆಯ ಮುಖ್ಯ ಅಂಶಗಳನ್ನು, ಅಂದರೆ ಯಾರಿಗೆ, ಎಷ್ಟು, ಯಾವತ್ತು ಕೊನೆ ಅನ್ನುವುದನ್ನು, ನಿಮ್ಮ ಪುಟದಲ್ಲೇ ಟೈಪ್ ಮಾಡಿ ಮೂಲಕ್ಕೆ ಲಿಂಕ್ ಕೊಡಿ.

ಇಡೀ ವಿಳಾಸವನ್ನೇ ಅಂಟಿಸಿ ಲಿಂಕ್ ಮಾಡುವುದನ್ನೂ ಬಿಡಿ. ಎಚ್ ಟಿ ಟಿ ಪಿ ಎಸ್ ಕೋಲನ್ ಸ್ಲ್ಯಾಶ್ ಸ್ಲ್ಯಾಶ್ ಅಂತ ಶುರುವಾಗಿ ಕೊನೆಯವರೆಗೂ ಓದುತ್ತದೆ. ವಿಳಾಸದಲ್ಲಿ ಕನ್ನಡ ಇದ್ದರಂತೂ ಫಜೀತಿ. ಕಾಪಿ ಮಾಡಿದಾಗ ಕನ್ನಡದ ಒಂದೊಂದು ಸಂಕೇತವೂ ಮೂರು ಪರ್ಸೆಂಟ್ ಗುರುತು ಸೇರಿ ಒಂಬತ್ತು ಅಕ್ಷರವಾಗುತ್ತದೆ. ‘ವಿದ್ಯಾರ್ಥಿವೇತನ’ದಲ್ಲಿ ಸ್ವರಚಿಹ್ನೆ, ಹಲಂತ ಎಲ್ಲ ಸೇರಿ 14 ಸಂಕೇತ. ವಿಳಾಸದಲ್ಲಿ ಅದು 126 ಅಕ್ಷರ, ನಡುವೆ 42 ಪರ್ಸೆಂಟ್! ಮುದ್ರಿಸಿ ಹಂಚುವ ಕರಪತ್ರದಲ್ಲಿ ಮಾತ್ರ ವಿಳಾಸ ಕಣ್ಣಿಗೆ ಕಾಣುವಂತಿರಬೇಕು, ಅಲ್ಲಿ ಬೇರೆ ದಾರಿಯಿಲ್ಲ.

2022, 2023, 2024 ಅಂತ ಹಳೆಯ ಪಟ್ಟಿಗಳಿಗೆ ಸಾಲಾಗಿ ಲಿಂಕ್ ಇಟ್ಟಿದ್ದರೆ ಅವುಗಳ ನಡುವೆ ಜಾಗ ಬಿಡಿ. ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಉದ್ದ ಅಗಲ ಇರಲಿ ಅನ್ನುತ್ತದೆ ಡಬ್ಲ್ಯುಸಿಎಜಿಯ 2.2 ಆವೃತ್ತಿ. 44 ಇದ್ದರೆ ಇನ್ನೂ ಒಳ್ಳೆಯದು. ಕೈ ನಡುಗುವವರಿಗೂ ಬೇಕು, ಹೊಂಡದ ರಸ್ತೆಯಲ್ಲಿ ಬಸ್ಸಿನಲ್ಲಿ ಕೂತವರಿಗೂ ಬೇಕು. ಅಲ್ಲಿ ಬರೀ ‘2023’ ಅಂತಲೂ ಬರೆಯಬೇಡಿ, ‘2023ರ ಆಯ್ಕೆ ಪಟ್ಟಿ’ ಅನ್ನಿ.

ಇಷ್ಟೆಲ್ಲ ಮಾಡಿಯೂ ಒಂದು ಚಿಕ್ಕ ವಿಷಯ ಮರೆತರೆ ಎಲ್ಲ ನೀರುಪಾಲು. ಪುಟದ ಭಾಷೆ ಯಾವುದು ಅಂತ ಪುಟದ ಕೋಡಾದ ಎಚ್‌ಟಿಎಂಎಲ್‌ನ ಮೊದಲ ಸಾಲಿನಲ್ಲೇ ಹೇಳಬೇಕು. ಬಹಳಷ್ಟು ಕನ್ನಡ ಸೈಟುಗಳು ರೆಡಿಮೇಡ್ ಟೆಂಪ್ಲೇಟ್ ಬಳಸುತ್ತವೆ, ಅದರಲ್ಲಿ ‘ಇಂಗ್ಲಿಷ್’ ಅಂತ ಮೊದಲೇ ಬರೆದಿರುತ್ತದೆ. ಸ್ಕ್ರೀನ್ ರೀಡರ್ ಅದನ್ನು ನಂಬಿ ಕನ್ನಡವನ್ನು ಇಂಗ್ಲಿಷ್ ದನಿಗೆ ಓದಲು ಕೊಡುತ್ತದೆ. ಕೆಲವು ದನಿಗಳು ಪದಗಳನ್ನು ಹಾರಿಸಿಬಿಡುತ್ತವೆ, ಕೆಲವು ಏನೇನೋ ಉಲಿಯುತ್ತವೆ. ಎನ್‌ವಿಡಿಎ ಜೊತೆ ಬರುವ, ಅಕ್ಷರವನ್ನು ದನಿಯಾಗಿಸುವ ತಂತ್ರಾಂಶ ಈಸ್ಪೀಕ್‌ನಲ್ಲಿ ಕನ್ನಡ ದನಿ ಇದೆ, ಸ್ವಲ್ಪ ಯಂತ್ರದ ಥರ. ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್ಲಿನ ಕನ್ನಡ ದನಿ ಇನ್ನೂ ಚೆನ್ನಾಗಿದೆ. ಆದರೆ ಪುಟ ಕನ್ನಡದ್ದು ಅಂತ ನೀವು ಹೇಳದಿದ್ದರೆ ಆ ದನಿಗಳು ಎಚ್ಚರಾಗುವುದೇ ಇಲ್ಲ. ನಿಮ್ಮ ಡಿಸೈನರ್ ಹುಡುಗನಿಗೆ ‘ಲ್ಯಾಂಗ್’ ಅನ್ನುವುದನ್ನು ಕನ್ನಡದ ಸಂಕೇತಕ್ಕೆ, ‘ಕೆಎನ್’ಗೆ, ಬದಲಿಸು ಅನ್ನಿ. ಎರಡು ಅಕ್ಷರದ ಕೆಲಸ.

ಕಾನೂನಿನ ವಿಷಯಕ್ಕೆ ಬರೋಣ. ನಾನು ವಕೀಲನಲ್ಲ, ಗೊತ್ತಿರುವಷ್ಟು ಹೇಳುತ್ತೇನೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದ್ದು, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 42ನೇ ಕಲಂ ಡಿಜಿಟಲ್ ಮಾಹಿತಿ ಎಲ್ಲರಿಗೂ ಸಿಗುವಂತಿರಬೇಕು ಅನ್ನುತ್ತದೆ. ಸರ್ಕಾರಿ ವೆಬ್‌ಸೈಟುಗಳಿಗೆ ಜಿಐಜಿಡಬ್ಲ್ಯು ಅನ್ನುವ ಪ್ರತ್ಯೇಕ ಮಾರ್ಗಸೂಚಿ ಇದೆ, 2009ರಲ್ಲಿ ಶುರುವಾದದ್ದು ಈಗ 3.0ಕ್ಕೆ ಬಂದಿದೆ. 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಥ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಅಂದಿತು. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಡಿಜಿಟಲ್ ಸೌಲಭ್ಯ ಮುಟ್ಟುವ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತಲೂ ಹೇಳಿತು. ನಾಲ್ಕು ಜನ ಸಂಬಳವಿಲ್ಲದೆ ನಡೆಸುವ ನಿಮ್ಮ ಸೈಟಿನ ಬಾಗಿಲಿಗೆ ನಾಳೆ ಯಾರೋ ಬರುತ್ತಾರೆ ಅಂತ ಹೆದರಬೇಡಿ. ಕಾಲೇಜಿನ ಅಧಿಕೃತ ಸೈಟಾದರೆ ಮಾತ್ರ ಪ್ರಾಂಶುಪಾಲರ ಕಿವಿಗೆ ಈ ಮಾತು ಹಾಕಿ.

ನಿಯಮದ ಬಗ್ಗೆ ಒಂದು ಸಣ್ಣ ಗುಟ್ಟು ಹೇಳಿಬಿಡುತ್ತೇನೆ, ಯಾರಾದರೂ ನಿಮ್ಮ ಹತ್ತಿರ ವಾದ ಮಾಡಿದರೆ ಗೊತ್ತಿರಲಿ. ಡಬ್ಲ್ಯುಸಿಎಜಿಯ ಕನಿಷ್ಠ ಮಟ್ಟದಲ್ಲಿ ಲಿಂಕಿನ ಉದ್ದೇಶ ಅದರ ಮಾತಿನಿಂದ ಅಥವಾ ಅದೇ ವಾಕ್ಯ, ಅದೇ ಪ್ಯಾರಾದಿಂದ ತಿಳಿದರೂ ಸಾಕು. ಲಿಂಕಿನ ಮಾತೊಂದರಿಂದಲೇ ತಿಳಿಯಬೇಕು ಅನ್ನುವುದು ಅತಿ ಮೇಲಿನ ಮಟ್ಟ. ಅಂದರೆ ನಿಮ್ಮ 19 ‘ಇಲ್ಲಿ ಕ್ಲಿಕ್ ಮಾಡಿ’ಗಳು ಕಾಗದದ ಮೇಲೆ ಪಾಸಾಗಲೂಬಹುದು! ಜಸ್ಟ್ ಪಾಸ್ ಆದ ಹುಡುಗರನ್ನು ನೋಡಿದವರು ನೀವು, ಆ ಪಾಸಿನ ಬೆಲೆ ನಿಮಗೇ ಗೊತ್ತು.

ಇನ್ನು ಸತ್ತ ಲಿಂಕ್‌ಗಳು. ಅಮೆರಿಕದ ಸಂಶೋಧನಾ ಸಂಸ್ಥೆ ಪ್ಯೂ ರಿಸರ್ಚ್ ಸೆಂಟರ್ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2013ರಲ್ಲಿ ಇದ್ದ ವೆಬ್ ಪುಟಗಳ ಪೈಕಿ ಶೇಕಡಾ 38ರಷ್ಟು ಹತ್ತು ವರ್ಷದ ನಂತರ ಸಿಗಲಿಲ್ಲ. ವಿದ್ಯಾರ್ಥಿವೇತನದ ಪುಟಗಳು ಹತ್ತು ವರ್ಷ ಕಾಯುವುದಿಲ್ಲ, ಪ್ರತಿ ಶೈಕ್ಷಣಿಕ ವರ್ಷಕ್ಕೂ ವಿಳಾಸ ಬದಲಾಗುತ್ತದೆ. ಅರ್ಜಿ ಶುರುವಾಗುವ ಮುಂಚೆ ವರ್ಷಕ್ಕೊಮ್ಮೆ ಎಲ್ಲ ಲಿಂಕ್‌ಗಳನ್ನೂ ನಾಲ್ವರೂ ಹಂಚಿಕೊಂಡು ಒತ್ತಿ ನೋಡಿ. ಅವಧಿ ಮುಗಿದ ಅರ್ಜಿಯ ಲಿಂಕನ್ನು ತೆಗೆದು ‘2024ರ ಅರ್ಜಿ ಅವಧಿ ಮುಗಿದಿದೆ’ ಅಂತ ಮಾತು ಮಾತ್ರ ಉಳಿಸಿ. ಲಿಂಕ್ ಬರೆಯುವಾಗಲೇ ಚೆನ್ನಾಗಿ ಬರೆದಿದ್ದರೆ ಇಲ್ಲೊಂದು ಲಾಭವಿದೆ. ವಿಳಾಸ ಸತ್ತರೂ ‘ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಬೇಕಾದ ದಾಖಲೆಗಳ ಪಟ್ಟಿ’ ಅನ್ನುವ ಮಾತನ್ನು ಗೂಗಲ್‌ಗೆ ಹಾಕಿ ಹೊಸ ಪುಟ ಹುಡುಕಬಹುದು. ‘ಇಲ್ಲಿ’ ಅಂತ ಹಾಕಿ ಏನು ಹುಡುಕುತ್ತೀರಿ?

ಎಲ್ಲಿಂದ ಶುರು ಮಾಡಲಿ ಅಂದರೆ, ಇವತ್ತು ಸಂಜೆ ಎನ್‌ವಿಡಿಎ ಇಳಿಸಿಕೊಳ್ಳಿ. ನಿಮ್ಮ ಮುಖಪುಟ ತೆರೆದು ಇನ್ಸರ್ಟ್ ಮತ್ತು ಎಫ್7 ಒತ್ತಿ. ಬರುವ ಪಟ್ಟಿಯನ್ನು ನಾಲ್ವರಲ್ಲಿ ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಪರದೆ ನೋಡದೆ ‘ಇದು ಎಲ್ಲಿಗೆ ಹೋಗುತ್ತೆ’ ಅಂತ ಹೇಳಲಿ. ಹೇಳಲಾಗದ ಲಿಂಕ್‌ಗಳನ್ನು ಮೊದಲು ತಿದ್ದಿ. ಹೆಚ್ಚು ಜನ ನೋಡುವ ನಾಲ್ಕೈದು ಪುಟ ಸರಿಯಾದರೆ ಈ ತಿಂಗಳಿಗೆ ಸಾಕು, ಹಳೆಯವು ನಿಧಾನಕ್ಕೆ ಆಗಲಿ.

ತಿದ್ದಿದ ಮೇಲೆ ಫೋನ್ ಮಾಡಿದ್ದ ಆ ಹುಡುಗನಿಗೆ ಕಳಿಸಿ, ನೋಡಿ ಹೇಳುತ್ತಾನೆ. ಕಳಿಸುವಾಗ ಮಾತ್ರ ವಾಟ್ಸಾಪ್‌ನಲ್ಲಿ ಬರೀ ವಿಳಾಸ ಹಾಕಿ ‘ನೋಡಪ್ಪಾ’ ಅನ್ನಬೇಡಿ. ಅದು ಯಾವ ಪುಟ ಅಂತ ಮೇಲೊಂದು ಸಾಲು ಬರೆಯಿರಿ.